ಕತ್ತರಿಸುವ ಹಕ್ಕು, ಬೆಸೆಯುವ ಹೊಣೆ

ಅರ್ಧ ಶತಮಾನದಷ್ಟು ಹಳೆಯದಾದ ಪಿಕಪ್ ಟ್ರಕ್ಕೊಂದನ್ನು ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿ, ಅದರ ಚಾಸಿಯನ್ನು ನಡುವೆ ಕತ್ತರಿಸಿ, ಒಂದು ಅಡಿಯಷ್ಟು ಉಕ್ಕನ್ನು ತೆಗೆದುಹಾಕಿ, ಉಳಿದ ತುಂಡುಗಳನ್ನು ಮತ್ತೆ ಬೆಸೆಯುವ ಹವ್ಯಾಸವೊಂದು ಅಮೆರಿಕದಲ್ಲಿದೆ. ಕೇಳಿದೊಡನೆ ಇದು ಉಳ್ಳವರ ಹುಚ್ಚಾಟವೆನಿಸಬಹುದು. ಆದರೆ ಒಂದು ಯಂತ್ರದ ಮೇಲೆ ಅದರ ಒಡೆಯನಿಗಿರುವ ಹಕ್ಕು ಎಲ್ಲಿಯವರೆಗೆ, ಅದೇ ರಸ್ತೆಯಲ್ಲಿ ಸಂಚರಿಸುವ ಇತರರ ಹಕ್ಕು ಎಲ್ಲಿಂದ ಆರಂಭ ಎಂಬ ಗಂಭೀರ ಪ್ರಶ್ನೆಯೊಂದು ಈ ಹುಚ್ಚಾಟದೊಳಗೆ ಅಡಗಿದೆ. ಈ ಪ್ರಶ್ನೆಗೆ ಅಮೆರಿಕ ಒಂದು ತುದಿಯ ಉತ್ತರ ಕೊಟ್ಟಿದ್ದರೆ, ಭಾರತ ಅದಕ್ಕೆ ಎದುರಾದ ತುದಿಯ ಉತ್ತರ ಕೊಟ್ಟಿದೆ. ಎರಡೂ ಸಮಾಧಾನಕರವಲ್ಲ.

ಮೊದಲು ಹವ್ಯಾಸದ ಹಿನ್ನೆಲೆಯನ್ನು ನೋಡೋಣ. ಷೆವರ್ಲೆ ಕಂಪನಿಯ 1967ರಿಂದ 1972ರವರೆಗಿನ ಸಿ-10 ಪಿಕಪ್ ಎರಡು ಅಳತೆಗಳಲ್ಲಿ ಬರುತ್ತಿತ್ತು. ಹಿಂಬದಿಯ ಸರಕು ತೊಟ್ಟಿಯ ಉದ್ದ ಒಂದರಲ್ಲಿ ಆರೂವರೆ ಅಡಿ, ಇನ್ನೊಂದರಲ್ಲಿ ಎಂಟು ಅಡಿ. ಅದಕ್ಕೆ ತಕ್ಕಂತೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೂ 115 ಅಂಗುಲ ಹಾಗೂ 127 ಅಂಗುಲ. ಎಂಟು ಅಡಿಯ ತೊಟ್ಟಿಗೆ ಅದರದೇ ಆದ ಉಪಯೋಗವಿತ್ತು. ನಮ್ಮಲ್ಲಿರುವಂತೆ ಅಲ್ಲಿಯೂ ಪ್ಲೈವುಡ್ ಹಾಳೆಯ ರೂಢಿಯ ಅಳತೆ ಎಂಟಕ್ಕೆ ನಾಲ್ಕು ಅಡಿ. ಅದನ್ನು ಮಟ್ಟಸವಾಗಿ ಮಲಗಿಸಿ, ಹಿಂಬಾಗಿಲು ಮುಚ್ಚಿಕೊಂಡು ಒಯ್ಯಬಲ್ಲ ಗಾಡಿ ಬಡಗಿಗೆ, ರೈತನಿಗೆ, ಕೊಳಾಯಿ ಕೆಲಸದವನಿಗೆ ಬೇಕಾಗಿತ್ತು. ಹೀಗಾಗಿ ಉದ್ದ ತೊಟ್ಟಿಯ ಗಾಡಿಗಳು ದುಡಿಮೆಯ ಗಾಡಿಗಳಾದವು.

ಕಾಲ ಬದಲಾಯಿತು. ದುಡಿಯುವ ಹೊಣೆಯಿಂದ ಬಿಡುಗಡೆ ಹೊಂದಿದ ಈ ಟ್ರಕ್ಕುಗಳು ಪುರಾತನ ವಾಹನಪ್ರಿಯರ ಕೈ ಸೇರಿದಾಗ ಉಪಯೋಗದ ಜಾಗದಲ್ಲಿ ಅಂದ ಬಂದು ಕುಳಿತಿತು. ಗಿಡ್ಡ ಗಾಡಿಯ ಮೈಕಟ್ಟು ಹೆಚ್ಚು ಸೊಗಸು ಎಂಬ ಅಭಿರುಚಿ ಬೆಳೆದು, ಅದರ ಬೆಲೆಯೂ ಏರಿತು. ಉದ್ದ ಗಾಡಿ ಇಂದಿಗೂ ಅದಕ್ಕಿಂತ ಅಗ್ಗವಾಗಿ ಸಿಗುತ್ತದೆ. ಅಗ್ಗದ್ದನ್ನು ಕೊಂಡು ದುಬಾರಿಯದನ್ನಾಗಿ ಮಾಡಿಕೊಳ್ಳುವ ಆಸೆ, ತನ್ನ ಕೈಯಿಂದಲೇ ಮಾಡಿದೆನೆಂಬ ಹೆಮ್ಮೆ, ಇವೆರಡೂ ಸೇರಿ ಗರಗಸವನ್ನು ಕೈಗೆ ಕೊಡುತ್ತವೆ.

ಕೆಲಸ ಹೇಳಿದಷ್ಟು ಸುಲಭವಲ್ಲ. ಈ ಮಾದರಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಚಾಲಕನ ಆಸನದ ಬೆನ್ನ ಹಿಂದೆ, ಕ್ಯಾಬಿನ್ನಿನೊಳಗೆ. ಬೆಸುಗೆಯ ಕಿಡಿ ಹಾರುವ ಮೊದಲು ಅದನ್ನು ಹೊರತೆಗೆಯಬೇಕು. ಬ್ಯಾಟರಿಯ ಸಂಪರ್ಕ ಕಳಚಬೇಕು. ಎರಡು ಚಕ್ರಗಳ ನಡುವೆ 12 ಅಂಗುಲ ತೆಗೆದರೆ ಸಾಲದು, ಹಿಂದಿನ ಚಕ್ರದಾಚೆಗೆ ಚಾಚಿಕೊಂಡ ಬಾಲದಿಂದಲೂ ಕೆಲವು ಅಂಗುಲ ತೆಗೆಯಬೇಕು. ತೊಟ್ಟಿಯ ಪಕ್ಕದ ತಗಡನ್ನೂ ಚಕ್ರದ ಕಮಾನಿನ ಹಿಂದೆ ಮುಂದೆ ಅದೇ ಲೆಕ್ಕದಲ್ಲಿ ಕತ್ತರಿಸಿ ಕೂಡಿಸಬೇಕು. ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕಿನ ತಂತಿ, ದೀಪಗಳ ವೈರಿಂಗ್ ಎಲ್ಲವನ್ನೂ ಹೊಸ ಅಳತೆಗೆ ಹೊಂದಿಸಬೇಕು. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲರ್ ಶಾಫ್ಟನ್ನು ಗಿಡ್ಡಗೊಳಿಸಿ ಬ್ಯಾಲೆನ್ಸ್ ಮಾಡಿಸದಿದ್ದರೆ ವೇಗ ಹೆಚ್ಚಿದಂತೆ ಗಾಡಿ ನಡುಗತೊಡಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಚಾಸಿಯ ಬೆಸುಗೆ. ಭಾರ ಬಿದ್ದಾಗ ಚಾಸಿಯ ತೊಲೆ ಬಾಗಲು ನೋಡುತ್ತದೆ. ಆ ಒತ್ತಡ ಹೆಚ್ಚಾಗಿ ಬೀಳುವುದು ತೊಲೆಯ ಮೇಲಂಚು ಮತ್ತು ಕೆಳಂಚುಗಳ ಮೇಲೆ. ಆದ್ದರಿಂದ ಬಲ್ಲವರು ತೊಲೆಯನ್ನು ಒಂದೇ ನೇರ ಗೆರೆಯಲ್ಲಿ ಕಡಿಯದೆ ಮೆಟ್ಟಿಲಿನಾಕಾರದಲ್ಲಿ ಅಥವಾ ಓರೆಯಾಗಿ ಕತ್ತರಿಸುತ್ತಾರೆ. ಕೂಡಿಸಿದ ಮೇಲೆ ಒಳಬದಿಗೆ ಬಲಪಟ್ಟಿ ಕೊಡುತ್ತಾರೆ. ಒಂದೇ ಸಮನೆ ಬೆಸೆದರೆ ಶಾಖಕ್ಕೆ ಉಕ್ಕು ತಿರುಚಿಕೊಳ್ಳುವುದರಿಂದ ಅಲ್ಲಲ್ಲಿ ತುಸುತುಸುವೇ ಬೆಸೆದು, ತಣಿಯಲು ಬಿಟ್ಟು ಮುಂದುವರಿಯುತ್ತಾರೆ. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆದು ಅವು ಸಮನಾಗಿವೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಇಷ್ಟು ತಾಳ್ಮೆಯಿಂದ ಮಾಡಿದ ಕೆಲಸ ದಶಕಗಳ ಕಾಲ ಬಾಳಬಹುದು. ಆದರೆ ಮೇಲೆ ನಯವಾಗಿ ಕಾಣುವ ಬೆಸುಗೆ ಒಳಗೆ ಉಕ್ಕನ್ನು ಹಿಡಿದೇ ಇರದಿರಬಹುದು. ಉಜ್ಜಿ, ಬಣ್ಣ ಬಳಿದ ಮೇಲೆ ಒಳ್ಳೆಯ ಬೆಸುಗೆಗೂ ಕೆಟ್ಟ ಬೆಸುಗೆಗೂ ಹೊರಗಣ್ಣಿಗೆ ವ್ಯತ್ಯಾಸ ಕಾಣದು. ಅಪಾಯವಿರುವುದು ಇಲ್ಲಿ.

ಈ ಅಪಾಯವನ್ನು ಒಪ್ಪಿಕೊಂಡೂ ಕತ್ತರಿಸುವವನ ಪರವಾಗಿ ಒಂದು ಮಾತು ಹೇಳಲೇಬೇಕು. ಇಂದು ನಾವು ಕೊಳ್ಳುವ ಬಹುಪಾಲು ಯಂತ್ರಗಳು ತಮ್ಮೊಳಗನ್ನು ನಮಗೆ ತೋರಿಸಲು ಒಪ್ಪುವುದಿಲ್ಲ. ಕಾರಿನ ದೋಷವನ್ನು ತಿಳಿಯಲು ಕಂಪನಿಯ ಕಂಪ್ಯೂಟರೇ ಬೇಕು, ಫೋನಿನ ಬ್ಯಾಟರಿ ಬದಲಿಸಲು ಅಂಗಡಿಗೇ ಹೋಗಬೇಕು. ಕೊಂಡವನು ಒಡೆಯನಾಗುವ ಬದಲು ಬರಿಯ ಬಳಕೆದಾರನಾಗಿದ್ದಾನೆ. ಇಂಥ ಕಾಲದಲ್ಲಿ ತನ್ನ ಗಾಡಿಯ ಮೂಳೆ ಎಲ್ಲಿದೆ, ಭಾರ ಎಲ್ಲಿ ಬೀಳುತ್ತದೆ, ಎಷ್ಟು ಕತ್ತರಿಸಿದರೆ ಏನಾದೀತು ಎಂದು ತಿಳಿದು ಕೈಹಚ್ಚುವ ಮನುಷ್ಯ ಒಂದು ಅಮೂಲ್ಯವಾದ ಜ್ಞಾನವನ್ನು ಜೀವಂತವಾಗಿಟ್ಟಿದ್ದಾನೆ. ಆ ಜ್ಞಾನಕ್ಕೆ ಬೀಗ ಜಡಿಯುವ ಸಮಾಜ ಕೈಕಸುಬಿನ ಆತ್ಮವಿಶ್ವಾಸವನ್ನೂ ಕಳೆದುಕೊಳ್ಳುತ್ತದೆ.

ಹಾಗೆಂದ ಮಾತ್ರಕ್ಕೆ ಅಮೆರಿಕದ ದಾರಿಯೇ ಸರಿ ಎನ್ನಲಾಗದು. ವಾಹನದಲ್ಲಿ ಅಳವಡಿಸಿದ ಸುರಕ್ಷಾ ವ್ಯವಸ್ಥೆಯನ್ನು ಗೊತ್ತಿದ್ದೂ ನಿಷ್ಕ್ರಿಯಗೊಳಿಸಬಾರದೆಂದು ಅಲ್ಲಿನ ಫೆಡರಲ್ ಕಾನೂನು ತಯಾರಕರಿಗೆ, ಮಾರಾಟಗಾರರಿಗೆ, ದುರಸ್ತಿ ವ್ಯಾಪಾರದವರಿಗೆ ಕಟ್ಟಪ್ಪಣೆ ಮಾಡುತ್ತದೆ. ಆದರೆ ತನ್ನ ವಾಹನವನ್ನು ತಾನೇ ಮಾರ್ಪಡಿಸುವ ಒಡೆಯ ಆ ನಿರ್ಬಂಧದ ಹೊರಗಿದ್ದಾನೆ. ಉಳಿದದ್ದು ರಾಜ್ಯಗಳಿಗೆ ಬಿಟ್ಟ ವಿಷಯ. ಪಿಕಪ್ ಟ್ರಕ್ಕುಗಳ ನಾಡೆಂದೇ ಹೆಸರಾದ ಟೆಕ್ಸಾಸ್ ರಾಜ್ಯ 2025ರ ಜನವರಿಯಿಂದ ವಾಣಿಜ್ಯೇತರ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆಯನ್ನೇ ಕೈಬಿಟ್ಟಿತು. ಆ ವಾರ್ಷಿಕ ತಪಾಸಣೆ ಕೂಡ ಬಣ್ಣದಡಿಯ ಬೆಸುಗೆಯನ್ನು ಪತ್ತೆ ಹಚ್ಚುತ್ತಿತ್ತೆಂದಲ್ಲ. ಆದರೂ ಒಡೆಯನಲ್ಲದ ಇನ್ನೊಬ್ಬ ವರ್ಷಕ್ಕೊಮ್ಮೆ ಗಾಡಿಯನ್ನು ನೋಡುವ ಅವಕಾಶವೂ ಅಲ್ಲಿಗೆ ಮುಗಿಯಿತು. ಗ್ಯಾರೇಜಿನಲ್ಲಿ ಮಾಡಿದ ಪ್ರಯೋಗದ ಫಲವನ್ನು ಎದುರಿನಿಂದ ಬರುವ ಕಾರಿನವನು ಉಣ್ಣಬೇಕಾಗಿ ಬಂದರೆ, ಅದನ್ನು ಸ್ವಾತಂತ್ರ್ಯವೆಂದು ಕರೆಯುವುದು ಹೇಗೆ? ಗಾಡಿಯನ್ನು ಮುಂದೆ ಕೊಳ್ಳುವವನಿಗಾದರೂ ಅದರ ಮೈಯೊಳಗಿನ ಗಾಯದ ಸುದ್ದಿ ತಿಳಿಯುವುದು ಬೇಡವೇ?

ಇನ್ನು ನಮ್ಮ ಕಡೆಗೆ ಬರೋಣ. ಮೋಟಾರು ವಾಹನಗಳ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಷೇಧವನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದೆ ವಾಹನ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಗೊತ್ತುಪಡಿಸಿತು. ಅನಿಲ ಇಂಧನದ ಕಿಟ್ ಜೋಡಿಸುವುದು, ಅಂಗವಿಕಲರ ಬಳಕೆಗೆ ಹೊಂದಿಸುವುದು ಮೊದಲಾದ ಕೆಲವಕ್ಕೆ ಮಾತ್ರ ದಾರಿಯಿದೆ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮವೂ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿದ ವಾಹನಗಳಿಗಷ್ಟೇ ಮಾನ್ಯತೆ ನೀಡುತ್ತದೆ. ಚಾಸಿ ಕತ್ತರಿಸಿದ ಹಳೆಯ ಪಿಕಪ್ಪಿಗೆ ನಮ್ಮಲ್ಲಿ ರಸ್ತೆಯೂ ಇಲ್ಲ, ಗೌರವವೂ ಇಲ್ಲ.

ಸುರಕ್ಷತೆಯ ದೃಷ್ಟಿಯಿಂದ ಇದು ಒಪ್ಪುವಂಥದೇ ಎನಿಸಬಹುದು. ಆದರೆ ಕಾಗದದ ಮೇಲಿನ ಸಂಪೂರ್ಣ ನಿಷೇಧ ರಸ್ತೆಯ ಮೇಲೆ ಏನಾಗಿದೆ ಎಂಬುದನ್ನು ನಮ್ಮ ಹೆದ್ದಾರಿಗಳಲ್ಲಿ ಒಮ್ಮೆ ಪಯಣಿಸಿದವರೂ ಬಲ್ಲರು. ಪಕ್ಕದ ಹಲಗೆಗಳನ್ನು ಎತ್ತರಿಸಿಕೊಂಡ ಲಾರಿಗಳು, ಹಿಂಬದಿಯನ್ನು ಬೇಕಾದಂತೆ ಚಾಚಿಕೊಂಡ ಸರಕು ಗಾಡಿಗಳು ನಿತ್ಯವೂ ಕಣ್ಣಿಗೆ ಬೀಳುತ್ತವೆ. ಮಾರ್ಪಾಡು ನಿಂತಿಲ್ಲ, ಅದು ಕತ್ತಲಿಗೆ ಸರಿದಿದೆ ಅಷ್ಟೆ. ತೋರಿಸಿದರೆ ದಂಡ, ಮುಚ್ಚಿಟ್ಟರೆ ಸಂಚಾರ ಎಂಬ ಸ್ಥಿತಿಯಲ್ಲಿ ಯಾವ ಮಾಲೀಕ ತನ್ನ ಬೆಸುಗೆಯನ್ನು ಪರೀಕ್ಷೆಗೆ ಒಡ್ಡಿಯಾನು? ಅಮೆರಿಕದಲ್ಲಿ ನೋಡುವವರಿಲ್ಲದೆ ಬೆಸುಗೆ ಮರೆಯಾದರೆ, ನಮ್ಮಲ್ಲಿ ನೋಡಿದರೆ ಶಿಕ್ಷೆಯೆಂಬ ಭಯದಿಂದ ಮರೆಯಾಗುತ್ತದೆ. ರಸ್ತೆಯಲ್ಲಿ ನಡೆಯುವವನ ಪಾಲಿಗೆ ಎರಡರ ಫಲವೂ ಒಂದೇ.

ನಡುವಣ ದಾರಿಯೊಂದಿದೆ. ಜರ್ಮನಿಯಲ್ಲಿ ವಾಹನದ ಚಾಸಿಯಂಥ ಮುಖ್ಯ ಭಾಗವನ್ನು ಅಪಾಯಕ್ಕೆಡೆಯಾಗುವಂತೆ ಬದಲಿಸಿದರೆ ಅದರ ಸಂಚಾರ ಅನುಮತಿ ತಾನಾಗಿಯೇ ಅಸಿಂಧುವಾಗುತ್ತದೆ. ಆದರೆ ಬಾಗಿಲು ಅಲ್ಲಿಗೇ ಮುಚ್ಚುವುದಿಲ್ಲ. ಟಿಯುವಿಯಂಥ ಸಂಸ್ಥೆಗಳ ಅಧಿಕೃತ ತಜ್ಞರು ಬದಲಾವಣೆಯನ್ನು ಪರಿಶೀಲಿಸಿ ಒಪ್ಪಿದರೆ, ಅದನ್ನು ವಾಹನದ ದಾಖಲೆಯಲ್ಲಿ ನಮೂದಿಸಿ ಮತ್ತೆ ಅನುಮತಿ ನೀಡಲಾಗುತ್ತದೆ. ಒಡೆಯನ ಹಕ್ಕನ್ನು ಅಲ್ಲಿ ಕಸಿದಿಲ್ಲ, ಅದಕ್ಕೆ ಹೊಣೆಯನ್ನು ಜೋಡಿಸಿದ್ದಾರೆ. ನಮ್ಮಲ್ಲೂ ಚಾಸಿ ಮಾರ್ಪಾಡಿಗೆ ಮುಂಚಿತ ಅರ್ಜಿ, ಬಣ್ಣ ಬಳಿಯುವ ಮುನ್ನ ಬೆಸುಗೆಯ ಪರೀಕ್ಷೆ, ಕೆಲಸ ಮುಗಿದ ಮೇಲೆ ಬ್ರೇಕಿನ ಪರೀಕ್ಷೆ, ಕೊನೆಗೆ ನೋಂದಣಿ ಪತ್ರದಲ್ಲಿ ನಮೂದು ಎಂಬ ನಾಲ್ಕು ಹಂತಗಳನ್ನು ಕಾನೂನಿನಲ್ಲೇ ಸೇರಿಸಬಹುದು. ವಾಹನಗಳ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ 2021ರಲ್ಲೇ ನಿಯಮ ರೂಪಿಸಲಾಗಿದೆ. ಬ್ರೇಕಿನ ಪರೀಕ್ಷೆಗೆ ಅಲ್ಲಿನ ಸಲಕರಣೆ ಸಾಕು. ಬೆಸುಗೆಯನ್ನು ನೋಡಲು ಮಾತ್ರ ಬಲ್ಲ ಎಂಜಿನಿಯರನ ಕಣ್ಣೇ ಬೇಕು.

ಇಂಥ ವ್ಯವಸ್ಥೆ ಲಂಚಕ್ಕೆ ಮತ್ತೊಂದು ಕಿಂಡಿ ತೆರೆಯುತ್ತದೆ ಎಂಬ ಆಕ್ಷೇಪ ಸಹಜ. ನಮ್ಮ ಕಚೇರಿಗಳನ್ನು ಬಲ್ಲವರು ಅದನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಸಂಪೂರ್ಣ ನಿಷೇಧವೂ ಲಂಚಕ್ಕೆ ಹೊರತಾದ ವ್ಯವಸ್ಥೆಯಲ್ಲ. ಅಡ್ಡಗಟ್ಟಿದ ಪ್ರತಿ ಬಾರಿಯೂ ಚೌಕಾಸಿಗೆ ಅದೇ ಬಂಡವಾಳ. ಪರೀಕ್ಷಿಸಿದವನ ಹೆಸರು, ಬೆಸುಗೆಯ ಛಾಯಾಚಿತ್ರ, ಅಳತೆಗಳ ವಿವರ ದಾಖಲೆಯಲ್ಲಿ ಉಳಿದರೆ ನಾಳೆ ಅನಾಹುತವಾದಾಗ ಕೇಳಲು ಒಬ್ಬ ಹೊಣೆಗಾರನಾದರೂ ಇರುತ್ತಾನೆ. ಖರ್ಚಿನ ಮಾತು ಬಂದರೆ, ಗಾಡಿಯನ್ನು ಕತ್ತರಿಸಿ ಕೂಡಿಸುವಷ್ಟು ವ್ಯವಧಾನವಿರುವವನಿಗೆ ತಪಾಸಣೆಯ ಶುಲ್ಕ ಭಾರವಾಗದು.

ಆ ಗ್ಯಾರೇಜಿನ ಮನುಷ್ಯನನ್ನು ಇನ್ನೊಮ್ಮೆ ನೆನೆಯೋಣ. ಅವನು ಅಳತೆಪಟ್ಟಿ ಹಿಡಿದು ಒಂದು ಕರ್ಣವನ್ನು ಅಳೆಯುತ್ತಾನೆ, ಆಮೇಲೆ ಇನ್ನೊಂದನ್ನು. ಎರಡೂ ಹೊಂದಿದಾಗಲೇ ಬೆಸುಗೆಯ ಕಡ್ಡಿ ಎತ್ತಿಕೊಳ್ಳುತ್ತಾನೆ. ಒಂದೇ ಕರ್ಣವನ್ನು ನಂಬಿದರೆ ಚೌಕಟ್ಟು ಸೊಟ್ಟಗಾಗುತ್ತದೆಂಬುದು ಅವನಿಗೆ ಗೊತ್ತು. ಒಡೆಯನ ಹಕ್ಕೊಂದನ್ನೇ ಅಳೆದ ಕಾನೂನೂ ಸಾರ್ವಜನಿಕರ ಭಯವೊಂದನ್ನೇ ಅಳೆದ ಕಾನೂನೂ ಸೊಟ್ಟಗಾಗಿರುವುದು ಅದೇ ಕಾರಣಕ್ಕೆ. ಕತ್ತರಿಸುವವನಿಗೆ ಕತ್ತರಿಸಲು ಬಿಡೋಣ; ಆದರೆ ಬಣ್ಣ ಬಳಿಯುವ ಮೊದಲು ಅವನ ಬೆಸುಗೆಯನ್ನು ಇನ್ನೊಬ್ಬರು ನೋಡಲಿ.