ಮನ್ನವೂ ಕಲ್ಲುಸಕ್ಕರೆಯೂ

ಕನ್ನಡ ಬೈಬಲ್ಲನ್ನು ಎಂದಾದರೂ ತಿರುವಿಹಾಕಿದ ವಾಚಕರು ಗಮನಿಸಿರಬಹುದು: ಅದರ ನಾಲ್ಕನೆಯ ಪುಸ್ತಕದ ಹೆಸರು ‘ಅರಣ್ಯಕಾಂಡ’! ರಾಮಾಯಣದ ಹೆಸರು ಅಲ್ಲಿಗೆ ಹೇಗೆ ಬಂದಿತೆಂದು ಬೆರಗಾಗಬೇಕಾಗಿಲ್ಲ. ಆ ಪುಸ್ತಕದಲ್ಲಿ ಬರುವ ಜನಗಣತಿಯನ್ನು ಹಿಡಿದು ಇಂಗ್ಲಿಷರು ಅದನ್ನು ‘ಸಂಖ್ಯೆಗಳು’ ಎಂದು ಕರೆದರು. ಯೆಹೂದ್ಯರ ಹೀಬ್ರೂ ಹೆಸರು ‘ಬಮಿದ್ಬಾರ್’, ಎಂದರೆ ‘ಅರಣ್ಯದಲ್ಲಿ’. ನಮ್ಮ ಅನುವಾದಕರು ಲೆಕ್ಕವನ್ನು ಬಿಟ್ಟು ಕಾಡನ್ನು ಹಿಡಿದರು. ಅದು ಜಾಣತನವೆಂದೇ ನನ್ನ ಎಣಿಕೆ.

ಆದರೆ ಈ ‘ಮಿದ್ಬಾರ್’ ಮಲೆನಾಡಿನ ದಟ್ಟಡವಿಯಲ್ಲ, ಬರಿಯ ಮರಳುಗಾಡೂ ಅಲ್ಲ. ಉತ್ತ ಹೊಲ ಮುಗಿದಲ್ಲಿ ಮೊದಲಾಗುವ, ಆಡುಕುರಿ ಮೇಯುವ, ನೀರು ವಿರಳವಾದ ಬೀಳುಭೂಮಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ನಂದಿಯ ಸುತ್ತಿನಲ್ಲಿ ನದಿಗಳು ಹುಟ್ಟಿದರೂ, ವರ್ಷವಿಡೀ ಹರಿಯುವ ಹೊಳೆಯೊಂದನ್ನು ಕಾಣದ ನಾಡು ಅದು.

ಅಂಥ ಬಯಲಿನಲ್ಲಿ ಇಸ್ರಾಯೇಲರು ನಲವತ್ತು ವರ್ಷ ಅಲೆದರೆಂದು ಅವರ ಶಾಸ್ತ್ರ ಹೇಳುತ್ತದೆ. ಅಲ್ಲಿ ಅವರಿಗೆ ದೊರೆತ ಆಹಾರ ಮನ್ನ: ಕೊತ್ತಂಬರಿ ಬೀಜದಂತೆ ಕಿರಿದು, ಬಣ್ಣ ಬಿಳುಪು, ರುಚಿ ಜೇನಿನದು. ನಾಳೆಗೆಂದು ಕೂಡಿಟ್ಟರೆ ಹುಳುಬೀಳುತ್ತಿತ್ತು; ಸಬ್ಬತ್ತಿನ ಹಿಂದಿನ ದಿನ ಮಾತ್ರ ಇಮ್ಮಡಿ ಸಿಕ್ಕಿ, ಕೆಡದೆ ಉಳಿಯುತ್ತಿತ್ತು. ಅದರ ನೆನಪಿಗಾಗಿ ಯೆಹೂದ್ಯ ಮನೆಗಳಲ್ಲಿ ಇಂದಿಗೂ ಶುಕ್ರವಾರ ಸಂಜೆ ಎರಡು ರೊಟ್ಟಿಗಳನ್ನಿಟ್ಟು ಪ್ರಾರ್ಥಿಸುತ್ತಾರೆ.

ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿಯೂ ಇಂಥದೊಂದು ಸಿಹಿಯ ಕಥೆಯುಂಟು. ಬಳೆ ಮಾರುತ್ತಿದ್ದ ನಾರೇಯಣಪ್ಪನವರಿಗೆ ಗುರು ಪರದೇಶಿ ಸ್ವಾಮಿಗಳು ಅಷ್ಟಾಕ್ಷರೀ ಮಂತ್ರವನ್ನು ಉಪದೇಶಿಸಿ, ಬೆಣಚುಕಲ್ಲೊಂದನ್ನು ಕೊಟ್ಟು, ಇದನ್ನು ಬಾಯಲ್ಲಿಟ್ಟುಕೊಂಡು ಜಪಿಸು, ಕಲ್ಲುಸಕ್ಕರೆಯಾದ ದಿನ ನಿನ್ನ ಸಾಧನೆ ಫಲಿಸಿತೆಂದು ತಿಳಿ ಎಂದರಂತೆ. ನರಸಿಂಹ ಗುಡ್ಡದ ಗವಿಯಲ್ಲಿ ಕುಳಿತು ಅವರು ಬಹುಕಾಲ ತಪಸ್ಸು ಮಾಡಿದರು; ಕಲ್ಲು ಸಕ್ಕರೆಯಾಯಿತು ಎಂಬುದು ಐತಿಹ್ಯ. ಗವಿಯಿಂದ ಹೊರಬಂದವರು ಹಾಡಿದ್ದು ಪಂಡಿತರ ಸಂಸ್ಕೃತದಲ್ಲಲ್ಲ, ಊರಿನವರ ತೆಲುಗು ಕನ್ನಡಗಳಲ್ಲಿ. ‘ಮಿದ್ಬಾರ್’ ಪದದೊಳಗೆ ‘ಮಾತು’ ಎಂಬರ್ಥದ ಹೀಬ್ರೂ ಅಕ್ಷರಗಳೇ ಅಡಗಿವೆಯೆಂದು ಯೆಹೂದ್ಯ ಪಂಡಿತರು ಸಂತೋಷಪಡುವುದುಂಟು. ಬಾಯಿಗೆ ಕಲ್ಲಿಟ್ಟುಕೊಂಡ ಬಳೆಗಾರನಿಗೆ ಹಾಡು ಒಲಿದ ಕಥೆಯನ್ನು ಅವರು ಕೇಳಬೇಕಿತ್ತು!

ನಾರೇಯಣಪ್ಪನವರ ಕಾಲವನ್ನು 1726ರಿಂದ 1836 ಎಂದು ಸಂಪ್ರದಾಯ ಎಣಿಸುತ್ತದೆ. ಅದೇ ಕಾಲದಲ್ಲಿ ಉಕ್ರೇನಿನಲ್ಲಿ ಬ್ರಾಟ್ಸ್‌ಲಾವಿನ ರಬ್ಬಿ ನಾಖ್ಮಾನ್ ಎಂಬಾತನಿದ್ದ (1772–1810). ಒಬ್ಬನೇ ಅಡವಿಗೋ ಬಯಲಿಗೋ ಹೋಗಿ, ಕಟ್ಟಿಟ್ಟ ಪ್ರಾರ್ಥನೆಯ ಜೊತೆಗೆ, ಮನೆಮಾತಿನಲ್ಲೇ ದೇವರೊಡನೆ ಮಾತಾಡು ಎಂದು ಆತ ಶಿಷ್ಯರಿಗೆ ಹೇಳಿದ. ಜೆರುಸಲೇಮಿನ ಸುತ್ತಣ ಕಾಡುಗಳಲ್ಲಿ ಆತನ ಅನುಯಾಯಿಗಳು ಇಂದಿಗೂ ರಾತ್ರಿಯ ಹೊತ್ತು ಹಾಗೆ ಮಾತಾಡುತ್ತಾರೆ.

ಏಕಾಂತವನ್ನು ಬೋಧಿಸಿದವರ ಬಾಗಿಲಲ್ಲಿಯೇ ಸಂತೆ ನೆರೆಯುವುದು ವಿಚಿತ್ರ. ಉಮಾನ್ ಊರಿನಲ್ಲಿರುವ ನಾಖ್ಮಾನನ ಸಮಾಧಿಗೆ ಪ್ರತಿ ಯೆಹೂದ್ಯ ಹೊಸವರ್ಷದಂದು ಸಾವಿರಾರು ಜನ ಬರುತ್ತಾರೆ; ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಕೈವಾರವೂ ತುಂಬಿ ತುಳುಕುತ್ತದೆ. ಭಕ್ತಿಯಿರುವಲ್ಲಿ ಜನ ಕೂಡದೆ ಇರುತ್ತಾರೆಯೆ? ಆದರೂ ಗವಿಯ ಮುಂದೆ ಒಂದು ಗಳಿಗೆ ಸದ್ದಿಲ್ಲದಿದ್ದರೆ ಚೆನ್ನೆಂದು ನನಗೆ ತೋರುತ್ತದೆ.

ಎರಡು ಕೋಣೆಯ ಬಾಡಿಗೆ ಮನೆ, ಮಕ್ಕಳ ಪಾಠ, ಪಕ್ಕದವರ ದೂರದರ್ಶನ, ಇವುಗಳ ನಡುವೆ ನಮಗೆಲ್ಲಿಯ ಅರಣ್ಯ ಎನ್ನುವಿರಾ? ಆ ರಬ್ಬಿಗೂ ಈ ಕಷ್ಟ ತಿಳಿದಿತ್ತು. ಕಾಡಿಗೆ ಹೋಗಲಾಗದವನು ರಾತ್ರಿ ಹಾಸಿಗೆಯಲ್ಲಿ ಹೊದಿಕೆಯೊಳಗೇ ಮೆಲ್ಲಗೆ ಮಾತಾಡಬಹುದೆಂದು ಆತ ಅಪ್ಪಣೆ ಕೊಟ್ಟಿದ್ದ.