ನೆಲದ ಮೇಲೇ ಕುಳಿತು ಹಾರಾಟ

ಹಾರ್ಮೋನಿಯಂ ನುಡಿಸುವವರಿಗೆ ತಿದಿಯ ಕೆಲಸ ಗೊತ್ತು. ಪೈಲಟ್‌ಗಳಿಗೆ ಹಾರಾಟ ಕಲಿಸಿದ ಲಿಂಕ್ ಯಂತ್ರವೂ ನಡೆದದ್ದು ಇಂಥ ತಿದಿಗಳಿಂದಲೇ. ಅಮೆರಿಕದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಎಡ್ವಿನ್ ಲಿಂಕ್‌ನ ತಂದೆಗೆ ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಮಗನಿಗೆ ವಿಮಾನದ ಹುಚ್ಚು. ಪಾಠದ ಶುಲ್ಕವೋ ದುಬಾರಿ. ಆರ್ಗನ್ನಿನ ತಿದಿಗಳಿಗೆ ಮೋಟಾರು ಜೋಡಿಸಿ ಆತ 1929ರಲ್ಲಿ ಪುಟ್ಟದೊಂದು ಉತ್ಸವ ವಿಮಾನ ಮಾಡಿದ. ಅದು ನೆಲ ಬಿಟ್ಟು ಏಳುತ್ತಿರಲಿಲ್ಲ. ಆದರೆ ಕೋಲನ್ನು ಎಳೆದರೆ ಮೂಗೆತ್ತುತ್ತಿತ್ತು, ಪಕ್ಕಕ್ಕೆ ತಳ್ಳಿದರೆ ವಾಲುತ್ತಿತ್ತು. ಮೊದಮೊದಲು ಅದನ್ನು ಕೊಂಡವರಲ್ಲಿ ಹೆಚ್ಚಿನವರು ಮನರಂಜನಾ ಉದ್ಯಾನಗಳವರು!

1934ರ ಚಳಿಗಾಲದಲ್ಲಿ ಅಮೆರಿಕದ ಸರ್ಕಾರ ವಿಮಾನ ಅಂಚೆಯ ಹೊಣೆಯನ್ನು ಕಂಪನಿಗಳಿಂದ ತೆಗೆದು ಸೇನೆಯ ವಾಯುದಳಕ್ಕೆ ಕೊಟ್ಟಿತು. ಮಂಜು, ಕತ್ತಲೆಗಳಲ್ಲಿ ಹಾರಿ ಅಭ್ಯಾಸವಿಲ್ಲದ ಸೈನಿಕರು ಅವರು. ಕೆಲವೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಅಪಘಾತಗಳಲ್ಲಿ ಸತ್ತರು. ಆಗ ಸೇನೆಗೆ ಲಿಂಕ್‌ನ ನೆನಪಾಯಿತು. ಭೇಟಿಯ ದಿನ ದಟ್ಟ ಮಂಜು. ಇಂಥ ಹವೆಯಲ್ಲಿ ಯಾರೂ ಹಾರಿ ಬರಲಾರರೆಂದು ಅಧಿಕಾರಿಗಳು ಭಾವಿಸಿದ್ದಾಗ ಲಿಂಕ್ ಉಪಕರಣಗಳನ್ನೇ ನಂಬಿ ಬಂದಿಳಿದ. ಸೇನೆ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 5 ಲಕ್ಷ ವೈಮಾನಿಕರು ಕಲಿತದ್ದು ಈ ‘ಆಟಿಕೆ’ಯಲ್ಲೇ.

ಮೋಡದೊಳಗೆ ಹೊಕ್ಕವನು ಬೀಳುವುದೇಕೆ? ಕಿವಿಯ ಒಳಗಿನ ಮೂರು ಅರ್ಧವರ್ತುಲ ನಾಳಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ. ಅದರಿಂದಲೇ ತಿರುಗಿದ್ದು ತಿಳಿಯುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ಜತೆಗೂಡುತ್ತದೆ, ಕಿವಿ ‘ನಿಂತಿದ್ದೇನೆ’ ಎನ್ನುತ್ತದೆ. ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು, ದೊಡ್ಡವರಿಂದ ನಿಧಾನವಾಗಿ ಸುತ್ತಿಸಿಕೊಂಡು ನೋಡಿ. ಕುರ್ಚಿ ನಿಂತಾಗ ಎದುರು ದಿಕ್ಕಿಗೆ ತಿರುಗುತ್ತಿರುವಂತೆ ಭಾಸವಾಗುತ್ತದೆ! ವಿಮಾನದಲ್ಲಿ ಇದೇ ಭ್ರಮೆ ಪ್ರಾಣಕ್ಕೆ ಎರವು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ಹಾರಾಟದ ಅಭ್ಯಾಸವಿಲ್ಲದ 20 ಮಂದಿಯನ್ನು, ಹೊರಗಿನ ನೋಟ ಮರೆಮಾಡಿ, ಪರೀಕ್ಷಿಸಿದರು. ಇಪ್ಪತ್ತೂ ಮಂದಿ ಹತೋಟಿ ಕಳೆದುಕೊಂಡರು. ಸರಾಸರಿ ಅವಧಿ 178 ಸೆಕೆಂಡು, ಮೂರು ನಿಮಿಷವೂ ಅಲ್ಲ.

ಇಂದು ಲಿಂಕ್‌ನ ಯಂತ್ರದ ಮೊಮ್ಮಕ್ಕಳು ಮನೆಯ ಕಂಪ್ಯೂಟರಿನೊಳಗಿದ್ದಾರೆ. ಬ್ರೂಸ್ ಆರ್ಟ್‌ವಿಕ್ 1979ರಲ್ಲಿ ಆಪಲ್ ಕಂಪ್ಯೂಟರಿಗಾಗಿ ಬರೆದ ಫ್ಲೈಟ್ ಸಿಮ್ಯುಲೇಟರ್, 1982ರಲ್ಲಿ ಮೈಕ್ರೋಸಾಫ್ಟ್ ಹೆಸರಿನಲ್ಲಿ ಬಂತು. ‘ಮಗ ಓದು ಬಿಟ್ಟು ವಿಮಾನ ಹಾರಿಸುತ್ತಾನೆ’ ಎಂಬ ತಾಯಂದಿರ ದೂರಿನಲ್ಲಿ ಅರ್ಧ ನಿಜವಿದೆ. ಕಟ್ಟಡಗಳ ನಡುವೆ ನುಗ್ಗಿಸುತ್ತಿದ್ದರೆ ಅದು ಬರಿಯ ಆಟ. ವೇಗ, ಎತ್ತರ, ದಿಕ್ಕು, ಕೃತಕ ದಿಗಂತ ತೋರಿಸುವ ಮುಳ್ಳುಗಳನ್ನು ಓದುತ್ತಿದ್ದರೆ ಭೌತಶಾಸ್ತ್ರದ ಒಳ್ಳೆಯ ಪಾಠವೇ. ಆದರೆ ಮನೆಯ ಕುರ್ಚಿ ಅಲುಗುವುದಿಲ್ಲ. ಕಿವಿ ಸುಳ್ಳು ಹೇಳುವುದಿಲ್ಲ. ಆದ್ದರಿಂದಲೇ ಮನೆಯಲ್ಲಿ ಮೋಡ ದಾಟುವುದು ಸುಲಭ. ಈ ಗಂಟೆಗಳು ಪೈಲಟ್ ಲೈಸೆನ್ಸಿನ ಲೆಕ್ಕಕ್ಕೂ ಬಾರವು.

ಹವ್ಯಾಸಿಗಳು ಇಲಿನಾಯ್‌ನವರು ಕಲಿಸಹೊರಟ ಪಾಠವನ್ನೇ ಅಭ್ಯಾಸ ಮಾಡಬಹುದು. ಹವಾಮಾನದ ಪಟ್ಟಿಯಲ್ಲಿ ದಟ್ಟ ಮೋಡ ಆರಿಸಿ, 3,000 ಅಡಿಯಲ್ಲಿ ನೇರ ಹಾರಿ. ಮೋಡ ಹೊಕ್ಕೊಡನೆ ಸೆಕೆಂಡಿಗೆ 3 ಡಿಗ್ರಿಯಂತೆ ಮೆಲ್ಲನೆ ತಿರುಗಿಸಿ. ಒಂದು ನಿಮಿಷಕ್ಕೆ 180 ಡಿಗ್ರಿ, ಎಂದರೆ ಬಂದ ದಾರಿಗೇ ವಾಪಸು. ಅಷ್ಟರಲ್ಲಿ ಎತ್ತರದ ಮುಳ್ಳು ಎಷ್ಟು ಅಡಿ ಅತ್ತಿತ್ತ ಸರಿಯಿತೆಂದು ಬರೆದಿಟ್ಟುಕೊಳ್ಳಿ.