ಗೃಹಿಣಿಯ ಭೂಪ್ರದಕ್ಷಿಣೆ

ಲೋಕವನ್ನೆಲ್ಲ ಸುತ್ತಿ ನೋಡಬೇಕೆಂಬ ಆಸೆಯು ಮನುಷ್ಯನಿಗೆ ಸಹಜವಾದುದು. ಆದರೆ ಗೃಹಸ್ಥನಾದವನು ಈ ಆಸೆಯನ್ನು ಬಾಯಿಬಿಟ್ಟು ಆಡಿದೊಡನೆ, ಸಂಸಾರವನ್ನು ಯಾರಿಗೆ ಒಪ್ಪಿಸಿ ಹೋಗುವಿರೆಂಬ ಪ್ರಶ್ನೆಯು ಎದುರು ನಿಲ್ಲುತ್ತದೆ. ಪ್ರಶ್ನೆಯು ನ್ಯಾಯವಾದುದೇ ಸರಿ. ಈಗಿನ ತರುಣರಲ್ಲಿ ಕೆಲವರು ಉದ್ಯೋಗವನ್ನು ತ್ಯಜಿಸಿ ದೇಶಾಟನೆಯನ್ನೇ ಜೀವನವೃತ್ತಿಯನ್ನಾಗಿ ಮಾಡಿಕೊಳ್ಳಹೊರಡುತ್ತಾರೆ. ಹಿರಿಯರು ಅದನ್ನು ಹುಚ್ಚೆಂದು ಜರೆಯುತ್ತಾರೆ. ಈ ಉಭಯಪಕ್ಷದವರೂ ಆಲೋಚಿಸತಕ್ಕ ಒಬ್ಬ ಸ್ತ್ರೀಯ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಈಕೆಯ ಹೆಸರು ಈಡಾ ಫೈಫರ್. 1797ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಸ್ಥಿತಿವಂತನಾದ ವರ್ತಕನೊಬ್ಬನ ಮಗಳಾಗಿ ಹುಟ್ಟಿದಳು. ಅಣ್ಣತಮ್ಮಂದಿರೊಡನೆ ಹುಡುಗನಂತೆಯೇ ಬೆಳೆದು, ಪ್ರವಾಸ ಕಥನಗಳನ್ನು ಓದಿ ದೂರದೇಶಗಳ ಕನಸು ಕಂಡಳು. 1820ರಲ್ಲಿ ತನಗಿಂತ ಇಪ್ಪತ್ತನಾಲ್ಕು ವರ್ಷ ಹಿರಿಯನಾದ ಒಬ್ಬ ವಿಧುರ ವಕೀಲನಿಗೆ ಆಕೆಯನ್ನು ಕೊಟ್ಟು ಮದುವೆಮಾಡಿದರು. ಪತಿಯು ಅಧಿಕಾರಿಗಳ ಲಂಚಕೋರತನವನ್ನು ಬಯಲಿಗೆಳೆದ ಫಲವಾಗಿ ತನ್ನ ಕೆಲಸವನ್ನೇ ಕಳೆದುಕೊಂಡನು. ಸಂಸಾರಕ್ಕೆ ದಾರಿದ್ರ್ಯವು ಬಂದೊದಗಿತು. ಈಡಾಳು ಸಂಗೀತವನ್ನೂ ಚಿತ್ರಲೇಖನವನ್ನೂ ಹೇಳಿಕೊಟ್ಟು, ಅದರಿಂದ ಬಂದ ಅಲ್ಪಧನದಿಂದ ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಒಮ್ಮೆ ಮಗನ ಆರೋಗ್ಯದ ನಿಮಿತ್ತ ಟ್ರಿಯೆಸ್ಟ್ ಬಂದರಿಗೆ ಹೋದಾಗ ಮೊದಲ ಬಾರಿಗೆ ಸಮುದ್ರವನ್ನು ಕಂಡಳು. ಹುದುಗಿದ್ದ ಬಾಲ್ಯದ ಆಸೆಯು ಮರಳಿ ಚಿಗುರಿತು. ಆದರೂ ಆಕೆಯು ಮಕ್ಕಳು ತಮ್ಮ ಕಾಲಮೇಲೆ ತಾವು ನಿಲ್ಲುವವರೆಗೂ ಕಾದಳು.

1842ರ ಮಾರ್ಚಿಯಲ್ಲಿ, ನಲವತ್ತನಾಲ್ಕರ ಪ್ರಾಯದಲ್ಲಿ, ಮರಣಶಾಸನವನ್ನು ಬರೆದಿಟ್ಟು ಒಬ್ಬಂಟಿಗಳಾಗಿ ಮನೆಯಿಂದ ಹೊರಟಳು. ಬಂಧುಗಳು ಅಡ್ಡಿಮಾಡಿಯಾರೆಂದು, ಕಾನ್‌ಸ್ಟಾಂಟಿನೋಪಲಿನ ಗೆಳತಿಯನ್ನು ನೋಡಿಬರುವೆನೆಂದಷ್ಟೇ ಹೇಳಿ, ಅಲ್ಲಿಂದ ಜೆರೂಸಲೇಮಿಗೂ ಈಜಿಪ್ಟಿಗೂ ಹೋಗಿ ಬಂದಳು. ಆ ಯಾತ್ರೆಯ ದಿನಚರಿಯು ಪುಸ್ತಕವಾಗಿ ಪ್ರಕಟವಾಯಿತು. ಅದರಿಂದ ಬಂದ ಹಣವೇ 1845ರ ಐಸ್‌ಲೆಂಡ್ ಪ್ರಯಾಣಕ್ಕೆ ಬಂಡವಾಳವಾಯಿತು. 1846ರಿಂದ 1848ರವರೆಗೆ ಮೊದಲನೆಯ ಭೂಪ್ರದಕ್ಷಿಣೆ: ಬ್ರೆಜಿಲ್, ಚಿಲಿ, ತಾಹಿತಿ, ಚೀನಾ, ಸಿಂಹಳ, ಭರತಖಂಡ, ಪರ್ಷಿಯಾ, ರಷ್ಯಾ. ನಮ್ಮ ದೇಶದಲ್ಲಿ ಕಲ್ಕತ್ತೆ, ಕಾಶಿ, ದೆಹಲಿಗಳನ್ನು ನೋಡಿ ಎಲ್ಲೋರಕ್ಕೂ ಬಂದಿದ್ದಳು. ಕನ್ನಡ ನಾಡನ್ನಾಳಿದ ರಾಷ್ಟ್ರಕೂಟರು ಬಂಡೆಯನ್ನು ಕಡಿದು ನಿರ್ಮಿಸಿದ ಕೈಲಾಸ ದೇವಾಲಯವು ಇರುವುದು ಅಲ್ಲಿಯೇ. 1851ರಿಂದ 1855ರವರೆಗೆ ಎರಡನೆಯ ಪ್ರದಕ್ಷಿಣೆಯನ್ನು ಮಾಡಿದಳು. ಬೋರ್ನಿಯೋ, ಸುಮಾತ್ರಾ ದ್ವೀಪಗಳ ಒಳನಾಡನ್ನು ಹೊಕ್ಕು, ಅಮೆರಿಕಾ ಖಂಡಗಳನ್ನೂ ಸಂಚರಿಸಿ ಹಿಂದಿರುಗಿದಳು.

ಈ ವೆಚ್ಚವು ಹೇಗೆ ನಡೆಯಿತೆಂದು ಗೃಹಸ್ಥರು ಕೇಳಬಹುದು. ಆಕೆಯು ಅಗ್ಗದ ಸ್ಥಳದಲ್ಲಿ ಪ್ರಯಾಣ ಮಾಡುತ್ತಿದ್ದಳು. ಸಿಕ್ಕಿದ್ದನ್ನು ಉಂಡು, ನೆಲದ ಮೇಲೆ ಮಲಗುತ್ತಿದ್ದಳು. ಕೀಟ, ಸಸ್ಯ, ಮತ್ಸ್ಯಾದಿಗಳನ್ನು ಸಂಗ್ರಹಿಸಿ ವಸ್ತುಸಂಗ್ರಹಾಲಯಗಳಿಗೆ ಮಾರುತ್ತಿದ್ದಳು. ಒಂದು ಯಾತ್ರೆಯ ಪುಸ್ತಕವು ಮುಂದಿನ ಯಾತ್ರೆಯ ಬುತ್ತಿಯಾಗುತ್ತಿತ್ತು. ಬಡತನದಲ್ಲಿ ಸಂಸಾರ ನಡೆಸಿ ಕಲಿತ ಮಿತವ್ಯಯವೇ ಪರದೇಶದಲ್ಲಿಯೂ ಆಕೆಯ ಕೈಹಿಡಿಯಿತು.

ಧೈರ್ಯಕ್ಕೂ ಕೊರತೆಯಿರಲಿಲ್ಲ. ಸುಮಾತ್ರಾದಲ್ಲಿ ನರಭಕ್ಷಕರೆಂದು ಹೆಸರಾಗಿದ್ದ ಬಟಕ ಜನರು ಸುತ್ತುಗಟ್ಟಿ ಕೊಲ್ಲುವಂತೆ ಸನ್ನೆಮಾಡಿದಾಗ, ಮುದುಕಿಯಾದ ತನ್ನ ಮಾಂಸವು ಅಗಿಯಲಾರದಷ್ಟು ಗಡುಸೆಂದು ಅವರ ಹರಕುಮುರುಕು ಭಾಷೆಯಲ್ಲಿ ಹೇಳಿ ಅವರನ್ನು ನಗಿಸಿದಳು! ಆಕೆಯ ಬರಹಗಳಲ್ಲಿ ಪರಜನರ ವಿಷಯವಾಗಿ ಕಠೋರವೂ ಅನ್ಯಾಯವೂ ಆದ ಮಾತುಗಳು ಹಲವು ಇವೆ. ತನ್ನ ಊರಿನ ಕನ್ನಡಕವನ್ನು ಕಣ್ಣಿನಿಂದ ತೆಗೆಯುವುದು ಆಕೆಗೆ ಎಲ್ಲೆಡೆಯೂ ಸಾಧ್ಯವಾಗಲಿಲ್ಲ. ಆದರೆ ಬೋರ್ನಿಯೋದ ದಯಾಕರು ಶತ್ರುಗಳ ತಲೆ ಕಡಿಯುವವರಾದರೂ ಪ್ರಾಮಾಣಿಕರು, ಸೌಮ್ಯರು ಎಂದು ಮೆಚ್ಚಿ, ಯುದ್ಧಗಳಲ್ಲಿ ರಕ್ತ ಹರಿಸಿದ ಯುರೋಪಿಯನರು ಅವರಿಗಿಂತ ಯಾವುದರಲ್ಲಿ ಮೇಲೆಂದು ಕೇಳಿದವಳೂ ಆಕೆಯೇ. ಮನೆಯಲ್ಲಿ ಕುಳಿತವರಿಗೆ ಈ ಪ್ರಶ್ನೆಯು ಸುಲಭವಾಗಿ ಹುಟ್ಟುವುದಿಲ್ಲ.

ಬರ್ಲಿನ್, ಪ್ಯಾರಿಸ್ ನಗರಗಳ ಭೂಗೋಳ ಸಂಘಗಳು ಆಕೆಗೆ ಸದಸ್ಯತ್ವವನ್ನಿತ್ತು ಗೌರವಿಸಿದವು. ಲಂಡನ್ನಿನ ಸಂಘದ ಬಾಗಿಲು ಆಗ ಸ್ತ್ರೀಯರಿಗೆ ತೆರೆದಿರಲಿಲ್ಲ. 1857ರಲ್ಲಿ ಮಡಗಾಸ್ಕರಿಗೆ ಹೋದಾಗ, ಜೊತೆಯ ಯುರೋಪಿಯನರು ಅಲ್ಲಿನ ರಾಣಿಯ ವಿರುದ್ಧ ಹೂಡಿದ್ದ ಒಳಸಂಚು ಬಯಲಾಗಿ, ಈಕೆಯೂ ಗಡೀಪಾರಾದಳು. ಕೆಲವೇ ದಿನಗಳ ದಾರಿಯಲ್ಲಿ ಜ್ವರಪೀಡಿತಳಾದ ಆಕೆಯನ್ನು ಐವತ್ತು ದಿನಗಳಿಗೂ ಮೀರಿ ಅಲೆಯಿಸಿದರು. ಆ ಜ್ವರವು ಮತ್ತೆ ಬಿಡಲಿಲ್ಲ. 1858ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿಯೇ ತೀರಿಕೊಂಡಳು. ಕೊನೆಯ ಯಾತ್ರೆಯ ಪುಸ್ತಕವನ್ನು ಮಗನು 1861ರಲ್ಲಿ ಪ್ರಕಟಿಸಿದನು.

ಇಂತಹ ಬಾಳಿಗೆ ಬೆಲೆ ತೆರಬೇಕಾಗುತ್ತದೆಂಬುದನ್ನು ತರುಣರು ಮರೆಯಬಾರದು. ದುಡಿಮೆಯೂ ಮಿತವ್ಯಯವೂ ಇಲ್ಲದ ಅಲೆದಾಟವು ಪರರ ಅನ್ನಕ್ಕೆ ಕೈಯೊಡ್ಡುವುದರಲ್ಲಿ ಮುಗಿಯುತ್ತದೆ. ಹಿರಿಯರೂ ಒಂದು ಮಾತನ್ನು ಗಮನಿಸಬೇಕು. ಕರ್ತವ್ಯವು ಆಸೆಯನ್ನು ಮುಂದಕ್ಕೆ ಹಾಕಬಹುದೇ ಹೊರತು, ಅದನ್ನು ಕೊಂದುಬಿಡಬೇಕಾದುದಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳ ಮದುವೆ ಮುಂಜಿಗಳೆಲ್ಲ ಮುಗಿದ ಬಳಿಕವೂ ಗೃಹಿಣಿಯನ್ನು ಅಡಿಗೆಮನೆಯ ಹೊಸ್ತಿಲಿನಲ್ಲಿಯೇ ನಿಲ್ಲಿಸಿರುವುದುಂಟು. ಆಕೆಗೆ ಯಾವ ನದಿಯನ್ನು, ಯಾವ ಸಮುದ್ರವನ್ನು ನೋಡುವ ಬಯಕೆಯಿದೆಯೆಂದು ವಾಚಕ ಮಹಾಶಯರು ಇಂದು ರಾತ್ರಿ ಊಟವಾದ ಮೇಲೆ ಒಮ್ಮೆ ಕೇಳಿ ನೋಡಲಿ.